ಜಿರೋನಾ ಕೋಟೆಗೋಡೆ: ಯಾವ ತುದಿಯಿಂದ ಹತ್ತಬೇಕು?

ಸ್ಪೇನಿನ ಈಶಾನ್ಯಕ್ಕಿರುವ ಜಿರೋನಾದಲ್ಲಿ ಕೋಟೆಗೋಡೆ ಉಳಿದಿರುವುದು ಹಳೇ ಊರಿನ ಬೆನ್ನಿಗೆ, ಪೂರ್ವದ ದಿಣ್ಣೆಯ ಮೇಲೆ. ಊರು ಬೆಳೆದಂತೆ ಪಶ್ಚಿಮದ ಗೋಡೆ ಕೆಡವಿದರು. ಮೇಲೆ ನಡೆಯಲು ಟಿಕೆಟ್ ಇಲ್ಲ. ಹತ್ತಲು ಎರಡು ತುದಿ: ದಕ್ಷಿಣದಲ್ಲಿ ಕ್ಯಾಟಲೂನ್ಯಾ ಚೌಕದ ಹತ್ತಿರ, ಉತ್ತರದಲ್ಲಿ ಕೆಥೆಡ್ರಲ್ ಹಿಂದಿನ ತೋಟಗಳ ಕಡೆ.

ಉತ್ತರದಿಂದ ಹೊರಟರೆ ಇಳಿಜಾರು, ಸುಲಭ ಎನ್ನುವವರು ಬಹಳ. ಅದು ಅರ್ಧ ಸತ್ಯ. ಅಲ್ಲಿಗೆ ತಲುಪಲು ಕೆಥೆಡ್ರಲ್ ಮುಂದಿನ ಸುಮಾರು ತೊಂಬತ್ತು ಮೆಟ್ಟಿಲನ್ನೋ ಪಕ್ಕದ ಕಡಿದಾದ ಓಣಿಯನ್ನೋ ಹತ್ತಲೇಬೇಕು. ಏರು ಎಲ್ಲೂ ತಪ್ಪುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೆ. ಇನ್ನೊಂದು ತೊಡಕು: ಆ ತುದಿಯಲ್ಲಿ ಗೋಡೆ ಒಂದೇ ಸಮ ಹೋಗುವುದಿಲ್ಲ. ನೆಪೋಲಿಯನ್ನನ ಸೈನ್ಯ ಪುಡಿಮಾಡಿದ ಜಿರೊನೆಲ್ಲಾ ಗೋಪುರದ ಆಸುಪಾಸಿನಲ್ಲಿ ತೋಟಕ್ಕೆ ಇಳಿದು ಮತ್ತೆ ಹತ್ತಬೇಕು. ಹೊಸಬರು ಇಲ್ಲೇ ದಾರಿ ತಪ್ಪಿ ಯಹೂದಿ ಕೇರಿಯ ಓಣಿಗಳಿಗೆ ಇಳಿದುಬಿಡುತ್ತಾರೆ. ಮೇಲಾಗಿ ಕೆಥೆಡ್ರಲ್ ಉದ್ದಕ್ಕೂ ಬೆನ್ನ ಹಿಂದೆ. ನೋಡಲು ಮತ್ತೆ ಮತ್ತೆ ತಿರುಗಬೇಕು.

ದಕ್ಷಿಣದ ತುದಿಗೆ ರೈಲು ನಿಲ್ದಾಣದಿಂದ ಸಮತಟ್ಟು ದಾರಿ, ಸುಮಾರು ಕಾಲು ಗಂಟೆ. ಮೊದಲ ಮೆಟ್ಟಿಲುಗಳು ಏದುಸಿರು ತರಿಸುತ್ತವೆ, ನಿಜ. ಆಮೇಲೆ ಎಡಕ್ಕೆ ಕೆಂಪು ಹೆಂಚಿನ ಮಾಡುಗಳು, ಎದುರಿಗೆ ಹೆಜ್ಜೆಹೆಜ್ಜೆಗೂ ದೊಡ್ಡದಾಗುವ ಕೆಥೆಡ್ರಲ್. ಬೆಳಗ್ಗೆ ಹತ್ತರೊಳಗೆ ಸೂರ್ಯ ಬಲಭುಜದ ಕಡೆಯಿರುವುದರಿಂದ ಅದರ ಕಲ್ಲಿನ ಒಂದೊಂದು ಏಣೂ ಬಿಡಿಸಿದಂತೆ ಕಾಣುತ್ತದೆ. ಚಳಿಗಾಲದ ತಿಳಿ ದಿನದಲ್ಲಿ ಉತ್ತರಕ್ಕೆ ಪಿರನೀಸ್ ಪರ್ವತದ ಹಿಮವೂ ಸಿಗುತ್ತದೆ. ಸಂಜೆ ಬಂದರೆ ಬಿಸಿಲು ಊರಿನ ಕಡೆಯಿಂದಲೇ ಬಡಿಯುತ್ತದೆ. ಫೋಟೋದಲ್ಲಿ ಮಾಡುಗಳೆಲ್ಲ ಕಪ್ಪು.

ನಮ್ಮ ಮತ ದಕ್ಷಿಣದಿಂದ ಬೆಳಗಿನ ನಡಿಗೆಗೆ. ಮಂಡಿ ನೋವಿನವರಿಗೂ ಇದೇ ವಾಸಿ, ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಭಾರ. ಉಸಿರಾಟದ ತೊಂದರೆಯಿದ್ದವರು ಮಾತ್ರ ಓಣಿಯಲ್ಲಿ ನಿಂತು ನಿಂತು ಉತ್ತರದಿಂದ ಹತ್ತಲಿ.

ಯಾವ ಕಡೆಯಿಂದ ಹೋದರೂ ಗೋಡೆಯ ಮೇಲೆ ನೆರಳಿಲ್ಲ, ನೀರಿಲ್ಲ. ಬೇಸಿಗೆಯಲ್ಲಿ ತಲೆಗೊಂದು ಲೀಟರ್ ಒಯ್ಯಿರಿ. ಗೋಪುರಗಳ ಸುರುಳಿ ಮೆಟ್ಟಿಲಲ್ಲಿ ಒಬ್ಬರಿಗಷ್ಟೇ ಜಾಗ, ಇಳಿಯುವವರಿಗೆ ಮೊದಲು ದಾರಿ ಬಿಡಿ. ಮಳೆ ಬಿದ್ದರೆ ಕಲ್ಲು ಜಾರುತ್ತದೆ, ರಬ್ಬರ್ ತಳದ ಶೂ ಬೇಕು. ಮಗುವಿನ ತಳ್ಳುಗಾಡಿ ಕೆಳಗೇ ಇರಲಿ.

ಉತ್ತರದಲ್ಲಿ ನಡಿಗೆ ಮುಗಿದಾಗ ಕೆಥೆಡ್ರಲ್ ಒಳಗೆ ಹೋಗಿ ಕೂರಿ. ನಡುವೆ ಒಂದೂ ಕಂಬವಿಲ್ಲದ ಗೋಥಿಕ್ ಶೈಲಿಯ ಸಭಾಂಗಣದ ಅಗಲ ಸುಮಾರು 23 ಮೀಟರ್, ಒಳಗೆ ಒಳ್ಳೆಯ ತಂಪು. ಆಮೇಲೆ ಆ ತೊಂಬತ್ತು ಮೆಟ್ಟಿಲು (ಮಂಡಿ ನೋವಿದ್ದರೆ ಪಕ್ಕದ ಓಣಿ) ಇಳಿದರೆ ಒನ್ಯಾರ್ ನದಿಯೂ 1877ರಲ್ಲಿ ಐಫೆಲ್ ಕಂಪನಿ ಕಟ್ಟಿದ ಕೆಂಪು ಕಬ್ಬಿಣದ ಸೇತುವೆಯೂ ಹತ್ತಿರವೇ.