ಸ್ಕ್ರೂಡ್ರೈವರೇ ಗೆದ್ದಿತು: ತೋಟದ ಆಫೀಸಿನ ಹಳೆ ಕಂಪ್ಯೂಟರಿನಿಂದ ಹೊಸದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಕಾಯಿಸುವುದಿಲ್ಲ. ಹಳೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ, ಒಂದು ಡಾಕ್‌ಗೆ (ಬಿಚ್ಚಿದ ಡಿಸ್ಕನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಸಿಕ್ಕಿಸಿ, ಬೇಕಾದ್ದನ್ನು ಮಾತ್ರ ಹೊಸದಕ್ಕೆ ಕಾಪಿ ಮಾಡಿಕೊಳ್ಳಿ. ಪ್ರೋಗ್ರಾಂಗಳನ್ನು ಹೊಸದಾಗಿ ಹಾಕಿಕೊಳ್ಳಿ. ನಾನು ಇದನ್ನೇ ಮೊದಲು ಮಾಡಿದ್ದರೆ ಮೂರು ಸಾವಿರ ಚಿಲ್ಲರೆ ಉಳಿಯುತ್ತಿತ್ತು. ಒಂದು ಶನಿವಾರದ ಬಟವಾಡೆ ಸಂಜೆ ಏಳರವರೆಗೆ ಎಳೆಯುತ್ತಲೂ ಇರಲಿಲ್ಲ.

ನಾನು ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ಕಥೆ ಬರೆಯುವವನು ಅಂದುಕೊಳ್ಳಬೇಡಿ, ನಾನು ಬರೆಯುವುದು ಚೆಕ್‌ರೋಲ್. ಯಾರು ಕೆಲಸಕ್ಕೆ ಬಂದರು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಷ್ಟು ಮೂಟೆ ಚೆರ್ರಿ ಕಳಿಸಿದೆವು, ನಿನ್ನೆ ಎಷ್ಟು ಇಂಚು ಎಷ್ಟು ಸೆಂಟ್ ಮಳೆ ಬಿತ್ತು, ಎಲ್ಲ ಆ ಹಳೆ ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಅದರ ಪ್ರೊಸೆಸರ್ ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3. ಅದರಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನದಾದರೂ ಬೇಕು. ಅಂತೂ ಕೊಯ್ಲು ಶುರುವಾಗುವ ಮೊದಲು ಸಾವ್ಕಾರ್ರು ಹೊಸದು ತಂದಿಟ್ಟು, "ರೈಟರೇ, ಎಲ್ಲ ಇದಕ್ಕೆ ಹಾಕಿಬಿಡಿ" ಅಂದರು. ಹೇಳುವುದು ಸುಲಭ ಅಲ್ವಾ?

ಸಾಗಿಸಬೇಕಾದದ್ದು ಸುಮಾರು 140 ಜಿಬಿ. ಅದರಲ್ಲಿ ಲೆಕ್ಕದ ಫೈಲುಗಳು ಎರಡು ಜಿಬಿಯೂ ಇರಲಿಲ್ಲ. ಉಳಿದದ್ದೆಲ್ಲ ಸಾವ್ಕಾರ್ರ ಮನೆಯ ಮದುವೆ ವಿಡಿಯೋ, ಮೊಮ್ಮಕ್ಕಳ ಫೋಟೋ.

ಮೊದಲು ಯೋಚಿಸಿದ್ದು ಇಂಟರ್ನೆಟ್ ಮೂಲಕ ಏರಿಸಿ ಇಳಿಸುವ ದಾರಿ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಹೇಳಿದ್ದು ಅದನ್ನೇ: "ಡ್ರೈವ್‌ಗೆ ಹಾಕು ಅಣ್ಣ, ಸುಮ್ನೆ ಯಾಕೆ ಒದ್ದಾಡ್ತೀಯ." ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಒನ್‌ಡ್ರೈವ್ 5 ಜಿಬಿ. ದುಡ್ಡು ಕೊಟ್ಟು ಜಾಗ ತಗೊಂಡರೂ ನಮ್ಮ ತೋಟದಲ್ಲಿ ಅಪ್‌ಲೋಡ್ ಸಿಗುವುದು ಸೆಕೆಂಡಿಗೆ 4 ಮೆಗಾಬಿಟ್. ಲೆಕ್ಕ ಹಾಕಿದೆ, 140 ಜಿಬಿಗೆ 78 ಗಂಟೆ. ಮೂರು ದಿನ ಮೂರು ರಾತ್ರಿ ಮೇಲೆ ಇನ್ನಷ್ಟು, ಅದೂ ಕರೆಂಟ್ ಹೋಗದೆ ಇದ್ದರೆ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಟ್ ಆಗುತ್ತದೆ, ಉಳಿದ ಕಾಲದಲ್ಲಿ ಆನೆ ಮರ ಬೀಳಿಸಿ ಕಟ್ ಆಗುತ್ತದೆ. ಲೆಕ್ಕದ ಎರಡು ಜಿಬಿಯನ್ನು ಮಾತ್ರ ಏರಿಸಿಟ್ಟೆ. ಅದು ಒಳ್ಳೆಯದೇ ಆಯಿತು, ಒಂದು ಪ್ರತಿ ಹೊರಗೆ ಇದ್ದಂತಾಯಿತು.

ಪೆನ್‌ಡ್ರೈವ್: ನನ್ನದು ಎಫ್‌ಎಟಿ32 ಅನ್ನುವ ಹಳೆ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು. 4 ಜಿಬಿ ದಾಟಿದ ಒಂದೇ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಮದುವೆ ವಿಡಿಯೋ ಅಲ್ಲೇ ನಿಂತಿತು.

ಎರಡೂ ಕಂಪ್ಯೂಟರ್ ನಡುವೆ ನೆಟ್‌ವರ್ಕ್ ಕೇಬಲ್ ಹಾಕುವುದೂ ಒಂದು ದಾರಿ. ಹಳೆಯದರ ಕಾರ್ಡು 100 ಮೆಗಾಬಿಟ್‌ನದು, ಅಂದರೆ ಸೆಕೆಂಡಿಗೆ 11 ಎಂಬಿ. ಮೂರೂವರೆ ಗಂಟೆ ಸಾಕು, ಕೆಟ್ಟದ್ದೇನಲ್ಲ. ಆದರೆ ಶೇರಿಂಗ್, ಪಾಸ್‌ವರ್ಡ್, ಅನುಮತಿ ಅಂತ ಅರ್ಧ ದಿನ ಹೋಯಿತು, ಕೈಬಿಟ್ಟೆ. ಗೊತ್ತಿರುವವರು ಮಾಡಿಕೊಳ್ಳಲಿ.

ಆಮೇಲೆ ಮಾಡಿದ ತಪ್ಪೇ ಸಾಫ್ಟ್‌ವೇರ್ ಖರೀದಿ. ಒಂದು ಕಾಲದಲ್ಲಿ ವಿಂಡೋಸ್ ಜೊತೆಗೇ ಈಸಿ ಟ್ರಾನ್ಸ್‌ಫರ್ ಅನ್ನುವುದು ಬರುತ್ತಿತ್ತು, ವಿಂಡೋಸ್ 10ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಆ ಕೆಲಸಕ್ಕೆ ದುಡ್ಡು ಕೇಳುವ ಸಾಫ್ಟ್‌ವೇರ್‌ಗಳು ಹಲವಾರಿವೆ. ಯಾವುದು ಅಂತ ಹೆಸರು ಹೇಳಲ್ಲ. ಫೈಲು ಮಾತ್ರವಲ್ಲ, ಪ್ರೋಗ್ರಾಂಗಳನ್ನೂ ಇದ್ದ ಹಾಗೇ ತರುತ್ತೇನೆ ಅನ್ನುವುದು ಇವುಗಳ ಮಾತು. ನನಗೆ ಆಸೆ ಹುಟ್ಟಿಸಿದ್ದೂ ಅದೇ. ಚೆಕ್‌ರೋಲ್ ಎಕ್ಸೆಲ್‌ನಲ್ಲಿ, ಹೆಸರುಗಳು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಲೆಕ್ಕ ಟ್ಯಾಲಿಯಲ್ಲಿ. ಒಂದೇ ಗುಂಡಿ ಒತ್ತಿದರೆ ಎಲ್ಲ ಬರುವುದಾದರೆ ಯಾರಿಗೆ ಬೇಡ?

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಫೈಲು ನರ್ಸರಿ ಕವರಿನ ಸಸಿ ಇದ್ದ ಹಾಗೆ. ಎತ್ತಿ ಬೇರೆ ಕಡೆ ಇಟ್ಟರೆ ಅದಕ್ಕೆ ಏನೂ ಆಗುವುದಿಲ್ಲ. ಪ್ರೋಗ್ರಾಂ ಹಾಗಲ್ಲ, ಅದು ಇಪ್ಪತ್ತು ವರ್ಷದ ರೊಬಸ್ಟಾ ಗಿಡ. ಬೇರು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಕಡತ), ವಿಂಡೋಸ್ ಫೋಲ್ಡರಿನಲ್ಲಿ, ಅಡಗಿಸಿಟ್ಟ ಆಪ್‌ಡೇಟಾ ಫೋಲ್ಡರಿನಲ್ಲಿ ಎಲ್ಲ ಕಡೆ ಹೋಗಿರುತ್ತದೆ. ಕಿತ್ತು ನೆಟ್ಟರೆ ಎಷ್ಟು ಬೇರು ಹಿಂದೆ ಉಳಿಯಿತು ಅಂತ ಆಮೇಲೆ ಗೊತ್ತಾಗುವುದು.

ಶುಕ್ರವಾರ ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ನೂರಕ್ಕೆ ನೂರು, ಹಸಿರು ಗುರುತು. ಹಳೆ ಆಂಟಿವೈರಸ್‌ನ ಅವಶೇಷ, ಯಾವತ್ತೋ ಬಿಸಾಡಿದ ಪ್ರಿಂಟರಿನ ಡ್ರೈವರ್, ಬ್ರೌಸರಿಗೆ ಅಂಟಿಕೊಂಡಿದ್ದ ಕಸ, ಎಲ್ಲ ನಿಯತ್ತಾಗಿ ಬಂದಿತ್ತು. ಚೆಕ್‌ರೋಲ್ ತೆರೆದೆ.

ಹೆಸರುಗಳ ಕಾಲಂನಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಟೋಪಿ, ಕೊಂಬು, ಚುಕ್ಕೆ. ನಡುವೆ ಒಂದು ಪೌಂಡ್ ಗುರುತು. ತಮಾಷೆ ಅಂದರೆ ಅಂಕಿಗಳೆಲ್ಲ ಸರಿ. ಹಾಜರಿ ಸರಿ, ಮುಂಗಡ ಕಳೆದದ್ದು ಸರಿ, ಕೆಳಗೆ ಒಟ್ಟು ಮೊತ್ತ ಪೈಸೆ ಬಿಡದೆ ಸರಿ. ಯಾರಿಗೆ ಎಷ್ಟು ಅಂತ ಮಾತ್ರ ಗೊತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಆಫೀಸಿನ ಮುಂದೆ ಸಾಲು ನಿಂತಿತು. ಹೆಸರು ಓದಲು ಬರುವ ಒಬ್ಬರು ಅಕ್ಕ ಪ್ರಿಂಟ್ ನೋಡಿ, "ಇದೇನ್ ಸಾರ್, ನಮ್ಮ ಹೆಸರಿಗೆಲ್ಲ ಮುಳ್ಳು ಬಂದಿದೆ?" ಅಂದರು. ಹಿಂದಿನ ವಾರದ ಪ್ರಿಂಟ್ ಹುಡುಕಿ, ಕ್ರಮಸಂಖ್ಯೆ ಹಿಡಿದು ಒಬ್ಬೊಬ್ಬರನ್ನೇ ಕರೆದು ಕೊಟ್ಟೆ. ಅಷ್ಟರೊಳಗೆ ಇಬ್ಬರು ಹೊಸಬರು ಸೇರಿದ್ದರು, ಮಧ್ಯದಲ್ಲಿ ಸಾಲು ತಪ್ಪಿತು, ಮತ್ತೆ ಮೊದಲಿಂದ ಶುರು. ಏಳು ಗಂಟೆ ಆಯಿತು.

ಇದರ ಕಾರಣ ತಿಳಿದುಕೊಳ್ಳುವುದು ಕನ್ನಡದಲ್ಲಿ ಹಳೆ ಫೈಲು ಇಟ್ಟಿರುವ ಎಲ್ಲರಿಗೂ ಒಳ್ಳೆಯದು. ನುಡಿಯ ಹಳೆ ಫಾಂಟುಗಳು ಯೂನಿಕೋಡ್ ಅಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ನಂಬರ್ ಇದೆ, ಆದ್ದರಿಂದ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವೇ. ಹಳೆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿಕೊಂಡಿವೆ. ಫೈಲಿನೊಳಗೆ ಇರುವುದು ಆ ಟೋಪಿ ಹಾಕಿದ ಅಕ್ಷರವೇ, ಮೇಲೆ ಕನ್ನಡದ ಅಂಗಿ ತೊಡಿಸುವುದು ಫಾಂಟು. ಆ ಫಾಂಟು ಹೊಸ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಎಕ್ಸೆಲ್ ಬೇರೆ ಫಾಂಟು ಹಾಕುತ್ತದೆ, ಅಂಗಿ ಕಳಚುತ್ತದೆ. ಇದು ನುಡಿಯ ತಪ್ಪಲ್ಲ, ಆ ಕಾಲ ಇದ್ದದ್ದೇ ಹಾಗೆ. ನುಡಿಯ ಹೆಸರನ್ನು ಪಟ್ಟಿಯಲ್ಲಿ ತೋರಿಸಿ, ಐಕಾನ್ ತಂದು ಕೂರಿಸಿ, ಫಾಂಟನ್ನು ಅಲ್ಲೇ ಬಿಟ್ಟುಬಂದ ಸಾಫ್ಟ್‌ವೇರಿಗೆ ನಾನು ದುಡ್ಡು ಕೊಟ್ಟದ್ದು ಮಾತ್ರ ತಪ್ಪು.

ಭಾನುವಾರ ಕುಶಾಲನಗರಕ್ಕೆ ಹೋಗಿ, ಹಳೆ ಡಿಸ್ಕನ್ನು ಬಿಚ್ಚಿ ಹೊಸದಕ್ಕೆ ಸಿಕ್ಕಿಸಲು ಒಂದು ಯುಎಸ್‌ಬಿ ಕೇಬಲ್ ತಂದೆ. ಇಲ್ಲೂ ಒಂದು ಎಡವಟ್ಟು. ಆ ಕೇಬಲ್ ಲ್ಯಾಪ್‌ಟಾಪಿನ ಸಣ್ಣ ಡಿಸ್ಕಿಗೆ ಸಾಕು, ಅದು ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು. ಕಿವಿಗೆ ಹಿಡಿದು ನೋಡಿದೆ, ತಿರುಗುವ ಶಬ್ದವೇ ಇಲ್ಲ. ಡಿಸ್ಕು ಸತ್ತಿತು ಅಂತ ಎದೆ ಧಸಕ್ ಅಂದಿತು. ಮಾರನೇ ದಿನ ಮತ್ತೆ ಹೋಗಿ ಅಡಾಪ್ಟರ್ ಇರುವ ಡಾಕ್ ತಂದೆ, ಸಾವಿರದ ಆಸುಪಾಸು. ತರುವಾಗ ಇದೊಂದು ಕೇಳಿಕೊಳ್ಳಿ: ದೊಡ್ಡ ಡಿಸ್ಕಿಗೂ ಆಗುತ್ತದಾ, ಜೊತೆಗೆ ಅಡಾಪ್ಟರ್ ಇದೆಯಾ. ಇನ್ನೊಂದು, ಯುಎಸ್‌ಬಿ 3ರದ್ದೇ ತಗೊಳ್ಳಿ.

ಬಿಚ್ಚುವುದಕ್ಕೆ ನಾಲ್ಕು ಸ್ಕ್ರೂ, ಎರಡು ವೈರು. ಒಳಗೆ ಒಂದು ಒಣಗಿದ ಹಲ್ಲಿ ಇತ್ತು, ಅದು ಬೇರೆ ಮಾತು.

ಡಾಕ್‌ಗೆ ಹಾಕಿದ ಕೂಡಲೇ ಹಳೆಯ ಡಿಸ್ಕು ಹೊಸ ಅಕ್ಷರದ ಡ್ರೈವ್ ಆಗಿ ಕಾಣಿಸಿತು. ಹಳೆ ಬಳಕೆದಾರನ ಫೋಲ್ಡರ್ ತೆರೆಯಲು ಹೋದಾಗ ಅನುಮತಿ ಇಲ್ಲ ಅನ್ನುತ್ತದೆ. ಗಾಬರಿ ಬೇಡ, ಕಂಟಿನ್ಯೂ ಒತ್ತಿ ಒಂದು ಕಾಫಿ ಕುಡಿದು ಬನ್ನಿ. ದೊಡ್ಡ ವಿಡಿಯೋಗಳು ಸೆಕೆಂಡಿಗೆ ನೂರು ಎಂಬಿ ಹತ್ತಿರ ಹೋದವು, ಸಣ್ಣ ಸಣ್ಣ ಫೈಲು ಬಂದಾಗ ತೆವಳಿತು. ಎಲ್ಲ ಸೇರಿ ಒಂದೂವರೆ ಗಂಟೆ. ನಾನು ಎಲ್ಲವನ್ನೂ ಹೊಸದರ ಡಿ ಡ್ರೈವಿನಲ್ಲೇ ಹಾಕಿದೆ, ಹಳೆಯದರಲ್ಲಿ ಇದ್ದ ಅದೇ ಹೆಸರಿನ ಫೋಲ್ಡರಿನಲ್ಲಿ. ಹಾಗೆ ಮಾಡಿದರೆ ಎಕ್ಸೆಲ್ ಫೈಲುಗಳ ನಡುವಿನ ಕೊಂಡಿಗಳು ಮುರಿಯುವುದಿಲ್ಲ. ಡಾಕ್ಯುಮೆಂಟ್ಸ್‌ಗೆ ಹಾಕಿದ್ದರೆ ಇನ್ನೊಂದು ತಲೆನೋವು: ವಿಂಡೋಸ್ 11 ಅದನ್ನು ಒನ್‌ಡ್ರೈವ್‌ಗೆ ಏರಿಸಲು ಶುರುಮಾಡಿ, 5 ಜಿಬಿ ತುಂಬಿತು ಅಂತ ದಿನಾ ಗೋಳಾಡುತ್ತದೆ.

ಇನ್ನು ಫಾಂಟು. ಹಳೆ ಡಿಸ್ಕಿನ ವಿಂಡೋಸ್ ಫೋಲ್ಡರ್, ಅದರೊಳಗೆ ಫಾಂಟ್ಸ್. ನುಡಿ ಹೆಸರಿನವನ್ನೆಲ್ಲ ಹೆಕ್ಕಿ ಹೊಸದಕ್ಕೆ ತಂದು ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದೆ. ಎಕ್ಸೆಲ್ ಮುಚ್ಚಿ ತೆರೆದೆ. ಹೆಸರುಗಳೆಲ್ಲ ಎದ್ದು ಕೂತವು. ಎರಡು ನಿಮಿಷದ ಕೆಲಸ.

ಮುಗಿಯಿತು ಅಂದುಕೊಂಡೆ. ಮಾರನೇ ದಿನ ಸಾವ್ಕಾರ್ರು ತಮ್ಮ ಲಾಗಿನ್‌ನಲ್ಲಿ ತೆರೆದು, "ಏನ್ ರೈಟರೇ, ಇನ್ನೂ ಮುಳ್ಳೇ ಇದೆಯಲ್ಲ" ಅಂದರು. ನನ್ನ ಲಾಗಿನ್‌ನಲ್ಲಿ ಕನ್ನಡ, ಅವರದರಲ್ಲಿ ಮುಳ್ಳು. ಅದೇ ಕಂಪ್ಯೂಟರ್, ಅದೇ ಫೈಲು! ಅರ್ಧ ದಿನ ತಲೆ ಕೆರೆದುಕೊಂಡೆ. ಕೊನೆಗೆ ಸಿಕ್ಕಿದ್ದು ಇಷ್ಟು: ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಸುಮ್ನೆ ಇನ್‌ಸ್ಟಾಲ್ ಒತ್ತಿದರೆ ಫಾಂಟು ಒತ್ತಿದವನಿಗೆ ಮಾತ್ರ ಸಿಗುತ್ತದೆ. ಪಕ್ಕದಲ್ಲೇ ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಅನ್ನುವ ಇನ್ನೊಂದು ಸಾಲು ಇದೆ. ಅದನ್ನು ಒತ್ತಬೇಕು. ಒಬ್ಬರೇ ಬಳಸುವ ಮನೆ ಕಂಪ್ಯೂಟರಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಆಫೀಸಿನಲ್ಲಿ ಮಾನ ಹೋಗುತ್ತದೆ.

ನುಡಿಯನ್ನು ಹೊಸದಾಗಿಯೇ ಹಾಕಿಕೊಂಡೆ. ಸಿಡಿ ಬೀರುವಿನಲ್ಲಿತ್ತು, ಆದರೆ ಹೊಸ ಕಂಪ್ಯೂಟರಿಗೆ ಸಿಡಿ ಡ್ರೈವೇ ಇಲ್ಲ. ಹಳೆ ಡಿಸ್ಕಿನ ಡೌನ್‌ಲೋಡ್ಸ್‌ನಲ್ಲಿ ಸೆಟಪ್ ಬಿದ್ದಿತ್ತು. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಬರುತ್ತದೆ ನಿಜ, ಆದರೆ ನನ್ನ ಬೆರಳಿಗೆ ಗೊತ್ತಿರುವುದು ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಒಂದೇ. ಈ ವಯಸ್ಸಿನಲ್ಲಿ ಬೆರಳು ಬದಲಿಸಲು ಆಗುವುದಿಲ್ಲ. ಹೊಸ ಹೆಸರುಗಳನ್ನು ಮಾತ್ರ ಈಗ ಯೂನಿಕೋಡ್‌ನಲ್ಲಿ ಹಾಕುತ್ತಿದ್ದೇನೆ. ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು, ಕೊಯ್ಲು ಮುಗಿಯಲಿ.

ಟ್ಯಾಲಿಗೆ ಒಂದೇ ಮಾತು: ಹಳೆ ಕಂಪ್ಯೂಟರ್ ಉಸಿರಾಡುತ್ತಿರುವಾಗಲೇ ಬ್ಯಾಕಪ್ ತೆಗೆದು, ಲೈಸೆನ್ಸನ್ನು ಹೊಸದರಲ್ಲಿ ಬಳಸಲು ಆಗುವಂತೆ ಹಳೆಯದರಿಂದ ಸರೆಂಡರ್ ಮಾಡಿ (ಬಿಟ್ಟುಕೊಟ್ಟು), ಆಮೇಲೆ ಸ್ಕ್ರೂ ಬಿಚ್ಚಿ.

ಡಿಸ್ಕನ್ನು ಇದ್ದ ಹಾಗೇ ಕ್ಲೋನ್ ಮಾಡಿಸಿ, ಅಂದರೆ ಪೂರ್ತಿ ನಕಲು ತೆಗೆಸಿ, ಅಂದವರೂ ಇದ್ದರು. ಮಾಡಿಸಲಿಲ್ಲ. ಕ್ಲೋನ್ ಅಂದರೆ ಹಳೆ ವಿಂಡೋಸ್ 10 ಸಹಿತ ಎಲ್ಲ ಬರುತ್ತದೆ. ಬೇಡ ಅಂತ ಬಿಟ್ಟದ್ದನ್ನೇ ಮತ್ತೆ ಮನೆಗೆ ಕರೆದಂತೆ. ಮೇಲಾಗಿ ನಮ್ಮ ಹಳೆ ಡಿಸ್ಕು ಎಂಬಿಆರ್ ಅನ್ನುವ ಹಳೆ ವಿಭಜನೆಯ ಮಾದರಿಯದು, ಯುಇಎಫ್‌ಐ (ಕಂಪ್ಯೂಟರ್ ಶುರುಮಾಡುವ ಹೊಸ ಬಗೆಯ ವ್ಯವಸ್ಥೆ) ಮಾತ್ರ ಇರುವ ಹೊಸ ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ. ಅದೇ ಕಂಪ್ಯೂಟರಿಗೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕು) ಹಾಕಿಸುವವರಿಗೆ ಕ್ಲೋನ್ ಸರಿ.

ದುಡ್ಡು ಕೊಟ್ಟ ಸಾಫ್ಟ್‌ವೇರ್ ಯಾರಿಗೂ ಬೇಡ ಅನ್ನಲ್ಲ. ಸೆಟಪ್ ಫೈಲು ಕಳೆದುಹೋದ, ತಯಾರಿಸಿದವರೇ ಅಂಗಡಿ ಮುಚ್ಚಿದ ಪ್ರೋಗ್ರಾಂ ಇದ್ದರೆ ಅದೊಂದೇ ಗತಿ. ನನ್ನ ಹಾಗೆ ನಾಲ್ಕೈದು ಪ್ರೋಗ್ರಾಂ ಇದ್ದು, ಎಲ್ಲದರ ಸೆಟಪ್ ಸಿಗುವುದಾದರೆ ಆ ದುಡ್ಡಿಗೆ ಮೂರು ಡಾಕ್ ಬರುತ್ತದೆ.

ನನಗೆ ಡಾಕ್ ಇಷ್ಟವಾಗಲು ಇನ್ನೊಂದು ಕಾರಣ ಹದಿನೈದು ದಿನ ಬಿಟ್ಟು ಗೊತ್ತಾಯಿತು. ಪಂಪ್ ಕೆಟ್ಟಿತು. ರಿಪೇರಿಯವರ ನಂಬರ್ ಹಳೆ ಕಂಪ್ಯೂಟರಿನ ಪರದೆ ಮೇಲೆ ಹಳದಿ ಸ್ಟಿಕಿ ನೋಟ್‌ನಲ್ಲಿ ಬರೆದಿದ್ದೆ. ಅದು ಡೆಸ್ಕ್‌ಟಾಪಿನಲ್ಲಿ ಕಂಡರೂ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ಇರುವುದಿಲ್ಲ, ಆಪ್‌ಡೇಟಾದ ಒಳಗೆಲ್ಲೋ ಒಂದು ಫೈಲಿನಲ್ಲಿ ಕೂತಿರುತ್ತದೆ. ನಾನು ತಂದೇ ಇರಲಿಲ್ಲ. ಡಿಸ್ಕನ್ನು ಮತ್ತೆ ಡಾಕ್‌ಗೆ ಹಾಕಿ, ಹುಡುಕಿ, ನಂಬರ್ ತೆಗೆದು ಫೋನ್ ಮಾಡಿದೆ.

ಡಿಸ್ಕು ಈಗ ಹಾಲಿನಪುಡಿ ಡಬ್ಬದಲ್ಲಿದೆ, ಜೊತೆಗೆ ಹೊಸ ಚಪ್ಪಲಿ ಪೆಟ್ಟಿಗೆಯಿಂದ ತೆಗೆದಿಟ್ಟ ನಾಲ್ಕು ಸಿಲಿಕಾ ಪೊಟ್ಟಣ. ನಮ್ಮ ಥಂಡಿಗೆ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಡಿಸ್ಕಿನ ಕಥೆ ಕೇಳಬೇಕೆ? ಸಾವ್ಕಾರ್ರ ಮಗ ಅದನ್ನು ಫಾರ್ಮ್ಯಾಟ್ ಮಾಡಿ ಸಿನಿಮಾ ಹಾಕಿಕೊಳ್ಳಲು ಕೊಡಿ ಅಂತ ಎರಡು ಸಲ ಕೇಳಿದರು. ಮಾರ್ಚ್ 31ರ ಲೆಕ್ಕ ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದೇನೆ.