ಜರ್ಮನ್ ಬಿಯರ್ ಸ್ಟೈನ್: ಗಾಜಿನದಾ, ಸ್ಟೋನ್‌ವೇರ್ ಮಗ್ಗಾ, ಮುಚ್ಚಳ ಇರೋದಾ?

ಸ್ಟೈನ್ ಅಂದ್ರೆ ಹಿಡಿಕೆ ಇರೋ ಬಿಯರ್ ಮಗ್ಗು. ಮೊದಲೇ ಹೇಳ್ಬಿಡ್ತೀನಿ, ಮಾತಾಡ್ಕೊಂಡು ನಿಧಾನಕ್ಕೆ ಕುಡಿಯೋರಿಗೆ ಬೂದು ಬಣ್ಣದ ಸ್ಟೋನ್‌ವೇರ್, ಅಂದ್ರೆ ಜಾಸ್ತಿ ಬಿಸಿಯಲ್ಲಿ ಸುಟ್ಟ ಗಟ್ಟಿ ಮಣ್ಣಿನ ಮಗ್ಗೇ ಬೆಸ್ಟು. ಮ್ಯೂನಿಕ್‌ಗೆ ಬಂದ್ಮೇಲೆ ಮೂರೂ ಥರದ್ದನ್ನ ಮನೇಲಿ ಇಟ್ಕೊಂಡು ಹೆಲ್ಲೆಸ್ ಅನ್ನೋ ತಿಳಿ ಬಣ್ಣದ ಒಂದೇ ಬಿಯರ್‌ನ ಮೂರಕ್ಕೂ ಸುರಿದು ಕುಡಿದು ನೋಡೇ ಈ ಮಾತು ಹೇಳ್ತಿರೋದು.

ಮ್ಯೂನಿಕ್‌ನ ಬಿಯರ್ ಹಬ್ಬ ಆಕ್ಟೋಬರ್‌ಫೆಸ್ಟ್ ಫೋಟೋಗಳಲ್ಲಿ ಕಾಣುತ್ತಲ್ಲ, ಮೈತುಂಬ ಗುಳಿ ಇರೋ ಒಂದು ಲೀಟರ್ ಗಾಜಿನ ಮಗ್ಗು, ಅದು ಅಷ್ಟೇನೂ ಹಳೇದಲ್ಲ. ಹಬ್ಬ ಶುರುವಾಗಿದ್ದು 1810ರಲ್ಲಿ, ಅಲ್ಲಿ ಗಾಜು ಬಂದಿದ್ದು 1892ರಲ್ಲಿ. ಒಳಗೆ ಬಿಯರ್ ಎಷ್ಟು ನೊರೆ ಎಷ್ಟು ಅಂತ ಕಣ್ಣಿಗೆ ಕಾಣುತ್ತೆ, ಇದು ಸಣ್ಣ ವಿಷಯ ಅಲ್ಲ, ಕಮ್ಮಿ ಸುರಿದು ಮೋಸ ಮಾಡ್ತಾರೆ ಅಂತ ಮ್ಯೂನಿಕ್ ಜನ 1899ರಲ್ಲೇ ಒಂದು ಸಂಘ ಕಟ್ಟಿದ್ರು. ಆದ್ರೆ ಭಾರ ಜಾಸ್ತಿ, ತುಂಬಿದ್ರೆ ಎರಡು ಕೆಜಿ ದಾಟುತ್ತೆ, ಬಿಸಿಲಲ್ಲಿ ಇಟ್ರೆ ಕೊನೇ ಕಾಲು ಭಾಗ ಬೆಚ್ಚಗಾಗಿ ಕುಡಿಯೋಕೇ ಮನಸ್ಸು ಬರಲ್ಲ.

ಸ್ಟೋನ್‌ವೇರ್‌ದು ಬೇರೇನೇ ಕಥೆ. ರೈನ್ ನದಿ ಹತ್ರದ ವೆಸ್ಟರ್‌ವಾಲ್ಡ್ ಸೀಮೆಯ ಕುಂಬಾರರು ಇದಕ್ಕೆ ಹೆಸರುವಾಸಿ. ಭಟ್ಟಿ ಸುಮಾರು 1200 ಡಿಗ್ರಿ ಮುಟ್ಟಿದಾಗ ಒಳಗೆ ಉಪ್ಪು ಎಸೀತಾರೆ, ಉಪ್ಪಿನ ಆವಿ ಮಣ್ಣಿನಲ್ಲಿರೋ ಸಿಲಿಕಾ ಜೊತೆ ಸೇರಿ ಮಗ್ಗಿನ ಮೈಮೇಲೆ ಗಾಜಿನಂಥ ಪದರ ಆಗುತ್ತೆ. ಬೆರಳಾಡಿಸಿದ್ರೆ ಕಿತ್ತಳೆ ಸಿಪ್ಪೆ ಥರ ಸಣ್ಣ ಸಣ್ಣ ಗುಳಿ ಸಿಗುತ್ತೆ, ನೀಲಿ ಚಿತ್ತಾರಕ್ಕೆ ಕೋಬಾಲ್ಟ್ ಹಾಕಿರ್ತಾರೆ. ಗೋಡೆ ದಪ್ಪ ಇರೋದ್ರಿಂದ ಅರ್ಧ ಕುಡಿದು ಹರಟೆ ಹೊಡೀತಾ ಕೂತ್ರೂ ತಂಪು ಹೋಗಲ್ಲ, ನೊರೇನೂ ಗಾಜಿಗಿಂತ ಮೆತ್ತಗೆ ಅನ್ಸುತ್ತೆ ನಂಗೆ. ಒಳಗೆ ಕಾಣಲ್ಲ ಅನ್ನೋದೊಂದೇ ಕೊರತೆ. ಇಲ್ಲಿನ ಹೋಫ್‌ಬ್ರೌಹೌಸ್ ಅನ್ನೋ ಹಳೇ ಬಿಯರ್ ಹಾಲ್‌ನಲ್ಲಿ ಹಳೇ ಗಿರಾಕಿಗಳು ತಮ್ಮ ತಮ್ಮ ಸ್ವಂತ ಮಗ್ಗನ್ನ ಅಲ್ಲೇ ಕಬ್ಬಿಣದ ಗೂಡಲ್ಲಿ ಬೀಗ ಹಾಕಿ ಇಟ್ಟಿರ್ತಾರೆ, ಅದನ್ನ ನೋಡಿದ್ಮೇಲೆ ನಂಗೆ ಈ ಮಗ್ಗುಗಳ ಮೇಲೆ ಇನ್ನೂ ಪ್ರೀತಿ ಬಂತು.

ಇನ್ನು ಮುಚ್ಚಳದ್ದು. ಹೆಬ್ಬೆರಳಲ್ಲಿ ಒತ್ತಿ ತೆಗೆಯೋ ಪ್ಯೂಟರ್ (ತವರದ ಮಿಶ್ರಲೋಹ) ಮುಚ್ಚಳ, ಬಿಯರ್ ಗಾರ್ಡನ್‌ನಲ್ಲಿ ಚೆಸ್ಟ್‌ನಟ್ ಮರದ ಕೆಳಗೆ ಕೂತ್ರೆ ಎಲೆ, ನೊಣ, ಕಣಜ ಯಾವ್ದೂ ಒಳಗೆ ಬೀಳಲ್ಲ, ಅಲ್ಲಿ ಇದು ನಿಜವಾಗ್ಲೂ ಕೆಲಸಕ್ಕೆ ಬರುತ್ತೆ. ಮನೆ ಒಳಗೆ ಮಾತ್ರ ಪ್ರತೀ ಗುಟುಕಿಗೂ ಎತ್ತಬೇಕು, ತೊಳೆಯೋದೂ ಕಷ್ಟ, ಕೀಲಿನ ಸಂದೀಲಿ ಕೊಳೆ ಕೂರುತ್ತೆ. ಈ ಜಾತೀಲಿ ನಂಗೆ ತುಂಬಾ ಇಷ್ಟ ಆಗಿದ್ದು ಮೊದಲ ಮಹಾಯುದ್ಧಕ್ಕೆ ಮುಂಚಿನ ಸೈನಿಕರ ಮಗ್ಗುಗಳು, ಸೇವೆ ಮುಗಿಸಿ ಊರಿಗೆ ಹೋಗೋ ಹುಡುಗ್ರು ನೆನಪಿಗೆ ಅಂತ ಮಾಡಿಸ್ಕೋತಿದ್ರು, ಮೈಮೇಲೆ ಅವನ ಹೆಸರು, ರೆಜಿಮೆಂಟು, ಎಷ್ಟೋ ಸಲ ಜೊತೆಗಾರರ ಹೆಸರುಗಳೂ ಇರ್ತವೆ. ಪಿಂಗಾಣಿದಾದ್ರೆ ಕುಡಿದು ಖಾಲಿ ಮಾಡಿ ಬೆಳಕಿಗೆ ಹಿಡೀರಿ, ತಳದಲ್ಲಿ ಪಿಂಗಾಣಿಯನ್ನೇ ದಪ್ಪ ತೆಳು ಮಾಡಿ ಮೂಡಿಸಿದ ಚಿತ್ರ ಕಾಣುತ್ತೆ! ಆದ್ರೆ ಹಳೇ ಪ್ಯೂಟರ್‌ನಲ್ಲಿ ಸೀಸ ಇರಬಹುದು, ಅಂಥದ್ದನ್ನ ಶೋಕೇಸ್‌ನಲ್ಲೇ ಇಡಿ. ನಕಲಿಗಳೂ ಬೇಕಾದಷ್ಟಿವೆ, ಹಳೇದು ಅಂತ ಹೇಳಿದ ತಕ್ಷಣ ದುಡ್ಡು ಕೊಡಬೇಡಿ.

ಬಳಸೋಕೆ ಅಂತಾದ್ರೆ ಮುಚ್ಚಳ ಇಲ್ಲದ ಅರ್ಧ ಲೀಟರ್ ಸ್ಟೋನ್‌ವೇರ್ ತಗೊಳಿ. ಸುರಿಯೋಕೆ ಮುಂಚೆ ತಣ್ಣೀರಲ್ಲಿ ಒಳಗೆಲ್ಲ ತೊಳೆದು, ಒರೆಸದೇ ಹಾಗೇ ಹಾಕಿ, ಬೆಚ್ಚಗಿರೋ ಒಣ ಮಗ್ಗಿಗೆ ಸುರಿದ್ರೆ ಬರೀ ನೊರೆ ಉಕ್ಕುತ್ತೆ.