ಸ್ವಿಚ್ 2 ತಗೊಳ್ಳುವುದಾ, ಹಳೇ ಸ್ವಿಚ್ ಸಾಕಾ?

ನಿಂಟೆಂಡೋ ಕಂಪನಿಯ ವಿಡಿಯೋ ಗೇಮ್ ಯಂತ್ರ ಸ್ವಿಚ್ 2 ಮಾರಾಟದಲ್ಲಿ ಹಳೇ ಸ್ವಿಚ್‌ನಷ್ಟು ಓಡುತ್ತದಾ, ಈಗ ದುಡ್ಡು ಹಾಕಬಹುದಾ ಅಂತ ಕೇಳಿದಿರಲ್ಲ ಮಾರಾಯ್ರೇ, ಎರಡನ್ನೂ ಒಟ್ಟಿಗೆ ನೋಡೋಣ.

2017ರ ಸ್ವಿಚ್ 15 ಕೋಟಿಗೂ ಜಾಸ್ತಿ ಮಾರಾಟವಾಗಿದೆ. 2025ರ ಜೂನ್ 5ಕ್ಕೆ ಬಂದ ಸ್ವಿಚ್ 2 ನಾಲ್ಕೇ ದಿನದಲ್ಲಿ 35 ಲಕ್ಷ ದಾಟಿತು. ಆದರೆ ಶುರುವಿನ ಓಟ ನೋಡಿ ಕೊನೆ ಹೇಳಲಾಗದು. ಇದೇ ಕಂಪನಿಯ ಹಿಂದಿನ ಯಂತ್ರ ವೀ 10 ಕೋಟಿ ದಾಟಿದ ಮೇಲೆ ಬಂದ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ, ಅಲ್ವಾ? ಬೆಲೆಯೂ ಅಡ್ಡ ಬರುತ್ತದೆ: ಅಮೆರಿಕದಲ್ಲಿ ಬಿಡುಗಡೆ ದಿನ ಹಳೆಯದು 300 ಡಾಲರ್, ಹೊಸದು 450. ಸಮ ಬರುವುದು ಕಷ್ಟ ಅಂತಲೇ ನನಗೆ ಅನಿಸುತ್ತದೆ.

ಬ್ಯಾಟರಿಯಲ್ಲಿ ಒಎಲ್ಇಡಿ ಪರದೆ ಇರುವ ಹಳೇ ಸ್ವಿಚ್ಚೇ ಮೇಲು, ನಾಲ್ಕೂವರೆಯಿಂದ ಒಂಬತ್ತು ಗಂಟೆ. ಹೊಸದು ಎರಡರಿಂದ ಆರೂವರೆ. ಉಡುಪಿಯ ಮಳೆಗಾಲದಲ್ಲಿ ಕರೆಂಟ್ ಹೋದಾಗ ನನ್ನ ಅಕ್ಕನ ಮಗ ಚಾವಡಿಯಲ್ಲಿ ಮಲಗಿ, ಹಳೆಯದರ ಬೆಳಕು ಮುಖದ ಮೇಲೆ ಬೀಳುತ್ತಾ ಇರುವಾಗ ಇಡೀ ಸಂಜೆ ಕಳೆಯುತ್ತಾನೆ.

ದೊಡ್ಡ ಟಿವಿ ಇದ್ದರೆ ಸ್ವಿಚ್ 2. ತುಂಬಾ ಸ್ಪಷ್ಟವಾದ 4ಕೆ ಚಿತ್ರ, 256 ಜಿಬಿ ಜಾಗ, ಹಳೇ ಆಟಗಳೂ ಹೆಚ್ಚಿನವು ನಡೆಯುತ್ತವೆ. ಆಟ ತುಂಬಲು ಹಳೇ ಮೆಮೊರಿ ಕಾರ್ಡ್ ಮಾತ್ರ ಆಗುವುದಿಲ್ಲ, ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಅನ್ನುವ ಬೇರೆ ಬಗೆಯ ಕಾರ್ಡೇ ಬೇಕು.

ದುಬೈಯಿಂದ ಮಾವ ತರುವುದಾದರೆ ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಮೊದಲೇ ಕೇಳಿ. ಸಣ್ಣ ಮಕ್ಕಳಿಗೆ, ಸುಮ್ನೆ ಮಾರಿಯೋ ಆಡಲು ಹಳೆಯದು ಸಾಕು. ಹೊಸ ಡಾಂಕಿ ಕಾಂಗ್ ಆಟ ಬೇಕೇ ಬೇಕು ಅನ್ನುವವರಿಗೆ ಸ್ವಿಚ್ 2 ಬಿಟ್ಟರೆ ದಾರಿಯಿಲ್ಲ.